ಕೀಲಿಮಣೆ ಕೊಳ್ಳುವ ಮುನ್ನ ಎಡಮೂಲೆಯನ್ನು ನೋಡಿರಿ

ಮೆಕ್ಯಾನಿಕಲ್ ಕೀಬೋರ್ಡ್ ಕೊಳ್ಳಹೊರಟವರಲ್ಲಿ ಅನೇಕರು ಸ್ವಿಚ್ಚಿನ ಸದ್ದು, ದೀಪಗಳ ಬಣ್ಣ, ಮೇಜಿನ ಮೇಲೆ ಹಿಡಿಯುವ ಸ್ಥಳ ಇವುಗಳನ್ನೆಲ್ಲ ಕೂಲಂಕಷವಾಗಿ ವಿಚಾರಿಸಿ, ತಾವು ನಿತ್ಯವೂ ಬರೆಯುವ ಕನ್ನಡಕ್ಕೆ ಬೇಕಾದ ಕೀಲಿಗಳೆಲ್ಲವೂ ಅದರಲ್ಲಿವೆಯೇ ಎಂಬುದನ್ನು ಮಾತ್ರ ವಿಚಾರಿಸದೆ ಹಣ ತೆತ್ತು ಪರಿತಪಿಸುವುದನ್ನು ಕಾಣುತ್ತಿದ್ದೇನೆ. ಯಾವ ಕೀಲಿಗೆ ಯಾವ ಅಕ್ಷರ ಮೂಡಬೇಕೆಂಬುದನ್ನು ನಿರ್ಧರಿಸುವುದು ತಂತ್ರಾಂಶ. ಕ್ವರ್ಟಿ ವಿನ್ಯಾಸವನ್ನಾಗಲಿ, 1936ರಲ್ಲಿ ಪೇಟೆಂಟ್ ಪಡೆದ ಡ್ವೊರಾಕನ್ನಾಗಲಿ ಬೇಕೆಂದಾಗ ಬದಲಿಸಿಕೊಳ್ಳಬಹುದು. ಮಣೆಯ ಮೇಲೆ ಎಷ್ಟು ಕೀಲಿಗಳಿವೆ, ಅವು ಎಲ್ಲೆಲ್ಲಿವೆ ಎಂಬುದಾದರೋ ಕೊಂಡ ಮೇಲೆ ಬದಲಾಗದು.

ಆದುದರಿಂದ ಮೊದಲು ನೀವು ಕನ್ನಡವನ್ನು ಯಾವ ವಿನ್ಯಾಸದಲ್ಲಿ ಬರೆಯುತ್ತೀರೆಂಬುದನ್ನು ನಿಶ್ಚಯಿಸಿಕೊಳ್ಳಿರಿ. ಕೆ. ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದ ಮೂಲಕ ಕಚೇರಿಗಳಲ್ಲಿ ನೆಲೆಯೂರಿದ ವಿನ್ಯಾಸವು ವರ್ಣಮಾಲೆಯನ್ನೆಲ್ಲ ಇಂಗ್ಲಿಷಿನ 26 ಅಕ್ಷರಗಳ ಕೀಲಿಗಳಲ್ಲಿಯೇ ಅಡಕಗೊಳಿಸಿರುವುದರಿಂದ, ಅದರಲ್ಲಿ ಬರೆಯುವವರಿಗೆ ಎಂತಹ ಚಿಕ್ಕ ಮಣೆಯಾದರೂ ಸಾಕು. ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ವಿನ್ಯಾಸವನ್ನು ಬಳಸುವವರ ಪರಿಸ್ಥಿತಿ ಹಾಗಲ್ಲ.

ಪೂರ್ಣಪ್ರಮಾಣದ ಮಣೆಯಲ್ಲಿ ಸಾಮಾನ್ಯವಾಗಿ 104 ಕೀಲಿಗಳು. ಬಲಬದಿಯ ಅಂಕಿಗಳ ಗುಂಪನ್ನು ಕಳೆದ ಟಿ.ಕೆ.ಎಲ್. ಮಾದರಿಯಲ್ಲಿ 87, ಶೇಕಡ 60 ಎಂದು ಮಾರುವ ಪುಟ್ಟ ಮಾದರಿಯಲ್ಲಿ 61. ಈ ಪುಟ್ಟ ಮಣೆಯಲ್ಲಿ ಮೇಲಿನ ಎಫ್ ಸಾಲೇ ಇಲ್ಲವಾದುದರಿಂದ ಎಸ್ಕೇಪ್ ಕೀಲಿಯು ಕೆಳಗಿಳಿದು, ಒಂದರ ಅಂಕಿಯ ಎಡಕ್ಕಿರುವ ಬ್ಯಾಕ್‌ಟಿಕ್ ಕೀಲಿಯ ಸ್ಥಾನವನ್ನು ಆಕ್ರಮಿಸುತ್ತದೆ. ಇಂಗ್ಲಿಷ್ ಬರೆಯುವವನು ಆ ಕೀಲಿಯನ್ನು ವರ್ಷಗಟ್ಟಲೆ ಮುಟ್ಟದಿರಬಹುದು. ಕನ್ನಡ ಇನ್‌ಸ್ಕ್ರಿಪ್ಟಿನಲ್ಲಿಯಾದರೋ ಹ್ರಸ್ವ ಒಕಾರದ ಚಿಹ್ನೆ ಇರುವುದೇ ಅಲ್ಲಿ, ಶಿಫ್ಟ್ ಹಿಡಿದು ಒತ್ತಿದರೆ ಒ ಎಂಬ ಸ್ವರಾಕ್ಷರ ಮೂಡುವುದೂ ಅಲ್ಲಿಯೇ. ದೀರ್ಘ ಓಕಾರವು ಇಂಗ್ಲಿಷಿನ ಎ ಕೀಲಿಯಲ್ಲಿ ಸುರಕ್ಷಿತವಾಗಿರುವುದರಿಂದ ಓಲೆ, ಕೋಟೆ, ಕೋಳಿ ಇವೆಲ್ಲ ಸರಾಗವಾಗಿ ಬರುತ್ತವೆ. ಒಲೆ, ಒಂದು, ಕೊಡ, ನೊಣ ಎಂದು ಬರೆಯಹೊರಟೊಡನೆ ಕೈ ತಡೆಯುತ್ತದೆ. ಅಭ್ಯಾಸಬಲದಿಂದ ಎಡಗಿರುಬೆರಳು ಆ ಮೂಲೆಗೆ ಹೋದರೆ ಅಕ್ಷರದ ಬದಲು ಎಸ್ಕೇಪ್ ಒತ್ತಿಹೋಗಿ, ಎಷ್ಟೋ ವೇಳೆ ತೆರೆದಿದ್ದ ಹುಡುಕಾಟದ ಪೆಟ್ಟಿಗೆಯೇ ಮುಚ್ಚಿಕೊಳ್ಳುತ್ತದೆ. ಒಕಾರವೊಂದಕ್ಕೆ ಎಫ್‌ಎನ್ ಹಾಗೂ ಎಸ್ಕೇಪನ್ನು, ಒ ಸ್ವರಕ್ಕೆ ಶಿಫ್ಟನ್ನೂ ಸೇರಿಸಿ ಮೂರು ಕೀಲಿಗಳನ್ನು ಏಕಕಾಲಕ್ಕೆ ಅದುಮುವ ಶ್ರಮವು ಪುಟವೊಂದನ್ನು ಮುಗಿಸುವುದರೊಳಗಾಗಿ ಅಸಹನೀಯವಾಗುತ್ತದೆ. ಶೇಕಡ 65ರ ಮಾದರಿಗಳಲ್ಲಿಯೂ ಬಹುಪಾಲು ಇದೇ ಅವಸ್ಥೆ. ಶೇಕಡ 40ರದರಲ್ಲಿ ಆವರಣ ಚಿಹ್ನೆಯ ಕೀಲಿಯೂ ಇರದೆ, ಡಕಾರವೇ ಕೈಗೆಟುಕದು.

ಅಂಗಡಿಯವನು ಹೇಳುವ ಶೇಕಡಾವಾರು ಲೆಕ್ಕವನ್ನು ನಂಬದೆ, ಮಣೆಯ ಚಿತ್ರವನ್ನು ದೊಡ್ಡದು ಮಾಡಿ, ಒಂದರ ಅಂಕಿಯ ಎಡಪಕ್ಕದ ಕೀಲಿಯ ಮೇಲೆ ಏನು ಮುದ್ರಿತವಾಗಿದೆಯೆಂದು ಕಣ್ಣಾರೆ ನೋಡಿರಿ. ಪುಟ್ಟ ಮಣೆಯೇ ಬೇಕೆಂಬ ಹಟವಿದ್ದಲ್ಲಿ, ವಯಾ ಎಂಬ ತಂತ್ರಾಂಶದ ಮೂಲಕ ಕೀಲಿಗಳನ್ನು ಮರುನಿಯೋಜಿಸಬಹುದಾದ ಮಾದರಿಯನ್ನೇ ಆರಿಸಿ, ಎಸ್ಕೇಪನ್ನು ಕ್ಯಾಪ್ಸ್‌ಲಾಕಿನ ಜಾಗಕ್ಕೆ ಸಾಗಿಸತಕ್ಕದ್ದು. ನನ್ನ ಅಭಿಪ್ರಾಯದಲ್ಲಿ ಕನ್ನಡ ಬರೆಹಗಾರನಿಗೆ 87 ಕೀಲಿಗಳ ಮಣೆಯೇ ಉತ್ತಮ. ಅಂಕಿಗಳ ಗುಂಪಿಲ್ಲದುದರಿಂದ ಮೌಸು ಕೈಗೆ ಹತ್ತಿರವಾಗುವುದು ಇನ್ನೊಂದು ಅನುಕೂಲ.

ಇನ್ನುಳಿದುದು ಆನ್ಸಿ ಮತ್ತು ಐಸೊ ಎಂಬ ಭೇದ. ನಮ್ಮ ದೇಶದಲ್ಲಿ ದೊರೆಯುವವು ಬಹುತೇಕ ಆನ್ಸಿ. ಅವುಗಳ ಎಂಟರ್ ಕೀಲಿ ಅಡ್ಡವಾಗಿ ಒಂದೇ ಸಾಲಿನಲ್ಲಿರುತ್ತದೆ. ಬ್ರಿಟನ್ನಿನಲ್ಲಿಯೋ ಜರ್ಮನಿಯಲ್ಲಿಯೋ ನೆಲೆಸಿ ಅಲ್ಲಿಯೇ ಕೊಳ್ಳುವ ಕನ್ನಡಿಗರಿಗೆ ಸಿಕ್ಕುವುದು ಎತ್ತರದ ಎಂಟರ್ ಉಳ್ಳ ಐಸೊ. ಅದರಲ್ಲಿ ಎಡ ಶಿಫ್ಟ್ ಮೊಟಕಾಗಿ, ಪಕ್ಕದಲ್ಲೊಂದು ಹೆಚ್ಚಿನ ಕೀಲಿ ಬಂದಿರುತ್ತದೆ. ಮಹಾಪ್ರಾಣಗಳಿಗೆಲ್ಲ ಶಿಫ್ಟನ್ನೇ ಆಶ್ರಯಿಸುವ ನಮಗೆ ಇದು ತೊಡಕು. ಜರ್ಮನ್ ಮಣೆಯಲ್ಲಿ ವೈ ಮತ್ತು ಝಡ್ ಅಚ್ಚುಗಳು ಸ್ಥಾನ ಬದಲಿಸಿರುವುದಕ್ಕೆ ಅಂಜಬೇಕಾದುದಿಲ್ಲ. ಕನ್ನಡ ವಿನ್ಯಾಸವನ್ನು ಆರಿಸಿದ ಮೇಲೆ ಅಚ್ಚು ಏನಿದ್ದರೂ ಅಕ್ಷರವು ತನ್ನ ಸ್ಥಾನದಲ್ಲಿಯೇ ಮೂಡುತ್ತದೆ.