ಹಳೆಯ ಕಾಂಕ್ರೀಟಿನ ಜಲ್ಲಿ: ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು?

ಹಳೆಯ ಕಾಫಿ ಕಣ, ಪಲ್ಪರ್ ಮನೆ, ಗೊಬ್ಬರದ ಗೋದಾಮುಗಳನ್ನು ಕೆಡವಿ ಹೊಸದಾಗಿ ಕಟ್ಟಿಸುವ ಕೆಲಸ ಹಲವು ತೋಟಗಳಲ್ಲಿ ನಡೆದಿದೆ. ಅಂಗಳದಲ್ಲಿ ಒಡೆದ ಕಾಂಕ್ರೀಟಿನ ರಾಶಿ. ಹೊಸ ಕೆಲಸಕ್ಕೆ ಮಾತ್ರ ದೂರದಿಂದ ಲಾರಿ ಬಾಡಿಗೆ ತೆತ್ತು ತರಿಸುವ ಜಲ್ಲಿ. "ಈ ರಾಶಿಯನ್ನೇ ಒಡೆಸಿ ತಾರಸಿಗೆ ಹಾಕಿದರೆ ಆಗದೇ?" ಎಂದು ಸದಸ್ಯ ಬಾಂಧವರು ಕೇಳುತ್ತಾರೆ. ಆಗುತ್ತದೆ; ಆದರೆ ಅಳತೆ ಮೀರಬಾರದು, ಚೂರು ಎಲ್ಲಿಂದ ಬಂದದ್ದೆಂಬುದು ತಿಳಿದಿರಬೇಕು. ತಾರಸಿಯ ಕೆಳಗೆ ಮೂಟೆಗಳಷ್ಟೇ ಇರುವುದಿಲ್ಲ, ಮೂಟೆ ಹೊರುವ ಆಳುಗಳೂ ಇರುತ್ತಾರೆ.

ಚೂರಿನ ಸ್ವಭಾವ

ಹಳೆಯ ಕಾಂಕ್ರೀಟನ್ನು ಒಡೆದಾಗ ಸಿಗುವುದು ಬರಿಯ ಕಲ್ಲಲ್ಲ. ಕಲ್ಲಿಗೆ ಹಳೆಯ ಸಿಮೆಂಟು ಗಾರೆ ಅಂಟಿಕೊಂಡಿರುತ್ತದೆ. ಈ ಗಾರೆಯಲ್ಲಿ ಸಣ್ಣ ರಂಧ್ರಗಳಿದ್ದು ನೀರನ್ನು ಹೀರುತ್ತದೆ. ಗ್ರಾನೈಟ್ ಜಲ್ಲಿ ಹೀರುವ ನೀರು ಸಾಮಾನ್ಯವಾಗಿ ತನ್ನ ತೂಕದ ಶೇ. 1ರೊಳಗೆ, ಹಳೆಯ ಚೂರು ಅದರ ಹಲವು ಪಟ್ಟು ಹೀರಬಲ್ಲದು. ಇಂಥ ಚೂರು ಹೆಚ್ಚಾದಷ್ಟೂ ಹೊಸ ಕಾಂಕ್ರೀಟು ಒಣಗುವಾಗ ಹೆಚ್ಚು ಕುಗ್ಗುತ್ತದೆ, ಭಾರಕ್ಕೆ ಹೆಚ್ಚು ಬಾಗುತ್ತದೆ.

ನಾವೇ ಹಿಂದೊಮ್ಮೆ ತೋಟದ ಚರಂಡಿಗೆ ಒಣ ಚೂರನ್ನು ಹಾಗೆಯೇ ಕಲಸಿದೆವು. ಚೂರು ನೀರು ಹೀರಿ ಮಾಲು ಬೇಗನೆ ಬಿಗಿಯಿತು. ಮೇಸ್ತ್ರಿ ಇನ್ನೆರಡು ಕೊಡ ನೀರು ಸುರಿದರು. ಮುಂದಿನ ಮಳೆಗಾಲಕ್ಕೆ ಮೇಲ್ಪದರ ಪುಡಿಯಾಗಿ ಎದ್ದಿತು. ಮೊದಲೇ ತಿಳಿಸದ ತಪ್ಪು ನಮ್ಮದು. ಚರಂಡಿಯಾದ್ದರಿಂದ ನಷ್ಟ ಸಣ್ಣದರಲ್ಲಿ ಮುಗಿಯಿತು, ತಾರಸಿಯಾಗಿದ್ದರೆ?

ಅಳತೆ

ಭಾರತೀಯ ಮಾನಕ ಐಎಸ್ 383 ತನ್ನ 2016ರ ಆವೃತ್ತಿಯಲ್ಲಿ ಇಂಥ ಜಲ್ಲಿಗೆ ಮಿತಿ ಹಾಕಿದೆ. ಶುದ್ಧ ಕಾಂಕ್ರೀಟಿನಿಂದಲೇ ಬಂದ ಚೂರಾದರೆ:

1. ಕಬ್ಬಿಣದ ಸರಳು ಹಾಕುವ ಕೆಲಸಕ್ಕೆ ಶೇ. 20ರವರೆಗೆ, ಎಂದರೆ ಐದು ಪೆಟ್ಟಿಗೆ ಜಲ್ಲಿಯಲ್ಲಿ ಒಂದು. ಅದೂ ಎಂ 25 ದರ್ಜೆಯವರೆಗೆ ಮಾತ್ರ.
2. ಸರಳಿಲ್ಲದ ಸಾದಾ ಕಾಂಕ್ರೀಟಿಗೆ ಶೇ. 25ರವರೆಗೆ, ನಾಲ್ಕರಲ್ಲಿ ಒಂದು.
3. ಎಂ 15ಕ್ಕಿಂತ ಕಡಿಮೆ ದರ್ಜೆಯ ಬಡ ಕಾಂಕ್ರೀಟಿಗೆ, ಅಂದರೆ ಅಡಿಪಾಯದ ಹಾಸು, ಕಣದ ಕೆಳಪದರ ಮೊದಲಾದವಕ್ಕೆ, ಪೂರ್ತಿ.

ಇಟ್ಟಿಗೆ, ಹೆಂಚು, ಗಾರೆ ಬೆರೆತ ಅವಶೇಷವನ್ನು ಈ ಮೂರನೆಯದಕ್ಕೆ ಮಾತ್ರ ಬಳಸಬಹುದು. ತಾರಸಿ, ತೊಲೆ, ಕಂಬಗಳಿಗೆ ಅದು ಸಲ್ಲದು.

ಬೇಡವೇ ಬೇಡವಾದವು

ನಮ್ಮ ಕಸುಬಿನವರು ಗಮನಿಸಬೇಕಾದ ಮಾತಿದು. ಪೊಟ್ಯಾಷ್ ಗೊಬ್ಬರ ಪೇರಿಸಿಟ್ಟಿದ್ದ ನೆಲದ ಕಾಂಕ್ರೀಟಿನಲ್ಲಿ ಕ್ಲೋರೈಡ್ ಇಳಿದಿರುತ್ತದೆ. ಅದು ಹೊಸ ಸರಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಉಬ್ಬಿ ತಾರಸಿಯನ್ನು ಒಳಗಿನಿಂದಲೇ ಸೀಳುತ್ತದೆ. ಅಮೋನಿಯಂ ಸಲ್ಫೇಟ್ ಇಟ್ಟಿದ್ದ ನೆಲ, ಮೈಲುತುತ್ತ ಕರಗಿಸುತ್ತಿದ್ದ ಬೋರ್ಡೊ ತೊಟ್ಟಿ, ಇವುಗಳಲ್ಲಿ ಸಲ್ಫೇಟ್ ಸೇರಿರುತ್ತದೆ. ಅದು ಸಿಮೆಂಟನ್ನೇ ಕೆಡಿಸುತ್ತದೆ. ಕೀಟನಾಶಕ ಇಟ್ಟಿದ್ದ ಕೊಠಡಿಯ ನೆಲವನ್ನು ಕಾಫಿ, ಅಡಿಕೆ ಒಣಗಿಸುವ ಕಣಕ್ಕೂ ಸೇರಿಸಬೇಡಿ. ಕಲ್ನಾರಿನ ಶೀಟಿನ ತುಂಡುಗಳನ್ನು ಯಾವ ಕಾರಣಕ್ಕೂ ಒಡೆಯಬೇಡಿ. ಅದರ ಧೂಳು ಶ್ವಾಸಕೋಶಕ್ಕೆ ವಿಷ.

ಮಾಡುವ ಕ್ರಮ

ಒಡೆದ ಚೂರಿನಿಂದ ಸರಳು, ಮಣ್ಣು, ಮರದ ತುಂಡು ತೆಗೆದು ಜರಡಿ ಹಿಡಿಯಿರಿ. ಹುಡಿಯನ್ನು ಮರಳಿನ ಬದಲು ಬಳಸದೆ ತೋಟದ ರಸ್ತೆಯ ಗುಂಡಿಗೆ ಹಾಕಿ.

ನೀರು ಹೀರುವ ಪ್ರಮಾಣವನ್ನು ಮನೆಯಲ್ಲೇ ಅಂದಾಜು ಮಾಡಬಹುದು. ಚೂರನ್ನು ಒಂದು ದಿನ ನೆನೆಸಿ, ಬಟ್ಟೆಯಿಂದ ಮೇಲ್ಮೈ ಒರೆಸಿ ತೂಗಿ. ಬಳಿಕ ಬೆಂಕಿಯ ಮೇಲೆ ಬಾಣಲೆಯಲ್ಲಿ ತೂಕ ಇಳಿಯದಾಗುವವರೆಗೆ ಒಣಗಿಸಿ ಮತ್ತೆ ತೂಗಿ. ಒಣ ತೂಕ 5 ಕಿಲೋ, ಹಸಿ ತೂಕ 5 ಕಿಲೋ 250 ಗ್ರಾಂ ಇದ್ದರೆ, ಅದು ಹೀರುವ ನೀರು ಶೇ. 5. ಇದಕ್ಕಿಂತ ಹೆಚ್ಚಾದ ಚೂರನ್ನು ಸರಳಿನ ಕೆಲಸಕ್ಕೆ ಬಳಸದಿರುವುದೇ ಲೇಸು.

ಕಲಸುವ ಹಿಂದಿನ ದಿನ ಚೂರನ್ನು ನೆನೆಸಿ, ನೀರು ಬಸಿದು, ಮೇಲ್ಮೈ ಒಣಗಿ ಒಳಗೆ ತೇವ ಇರುವಾಗ ಕಲಸಿರಿ. ಬಳಿಕ ಮೇಸ್ತ್ರಿ ಕೇಳಿದರೂ ಲೆಕ್ಕಕ್ಕಿಂತ ಒಂದು ಕೊಡ ನೀರೂ ಹೆಚ್ಚಿಗೆ ಬೇಡ. ತಾರಸಿ, ತೊಲೆಗಳ ಕೆಲಸವಾದರೆ ಇಂಜಿನಿಯರರ ಒಪ್ಪಿಗೆ ಪಡೆಯಿರಿ. ಅದೇ ಮಾಲಿನಿಂದ 15 ಸೆಂ.ಮೀ. ಅಚ್ಚುಗಳನ್ನು ಮೊದಲೇ ಹಾಕಿಸಿ, 28 ದಿನ ನೀರಿನಲ್ಲಿಟ್ಟು ಪರೀಕ್ಷೆ ಮಾಡಿಸಿರಿ. ಎಂ 20 ಎಂದರೆ ಆ ಅಚ್ಚು ಪ್ರತಿ ಚದರ ಮಿ.ಮೀ.ಗೆ 20 ನ್ಯೂಟನ್ ಒತ್ತಡ ತಾಳಬೇಕು.

ಇಷ್ಟೆಲ್ಲ ಸಾಧ್ಯವಾಗದವರಿಗೆ ನಮ್ಮ ಸಲಹೆ ಒಂದೇ. ಶುದ್ಧವಾದ ಹಳೆಯ ಚೂರನ್ನು ಕಣದ ಕೆಳಪದರಕ್ಕೂ ಅಡಿಪಾಯದ ಹಾಸಿಗೂ ಪೂರ್ತಿ ಬಳಸಿ, ತಾರಸಿಗೆ ಹೊಸ ಜಲ್ಲಿಯನ್ನೇ ತರಿಸಿ. ರಾಶಿಯ ಬಹುಪಾಲು ಅಲ್ಲಿಯೇ ಮುಗಿಯುತ್ತದೆ, ಉಳಿತಾಯವೂ ಅಲ್ಲಿಯೇ ಇದೆ. ತಲೆಯ ಮೇಲಿನ ಸೂರಿನಲ್ಲಿ ಒಂದು ಲಾರಿ ಬಾಡಿಗೆ ಉಳಿಸುವುದು ಜಾಣತನವಲ್ಲ.