ಲಕೋಟೆಗಿಂತ ಮೊದಲು ಕಥೆ

ಮನಸ್ಸು ಓದುವ ಜಾದೂ ಮಾಡುವ ಗೆಳೆಯರೇ, ಮುಚ್ಚಿದ ಲಕೋಟೆ ತೋರಿಸಿ ‘ನೀವು ಹೇಳಲಿರುವುದನ್ನು ಮೊದಲೇ ಬರೆದಿಟ್ಟಿದ್ದೇನೆ’ ಎಂದರೆ ತುಮಕೂರಿನ ಪ್ರೇಕ್ಷಕ ತಕ್ಷಣ ಗುಟ್ಟು ಹುಡುಕತೊಡಗುತ್ತಾನೆ. ಅವನಿಗೊಂದು ಕಥೆ ಕೊಡಿ. ಕುಣಿಗಲ್ಲಿನ ಕುದುರೆ ಫಾರಂ ಟಿಪ್ಪುವಿನ ಕಾಲದ್ದು. ಅಲ್ಲಿಂದ ಒಂದು ಕುದುರೆ ರಾತ್ರೋರಾತ್ರಿ ತಪ್ಪಿಸಿಕೊಂಡಿತು ಎಂದು ಶುರುಮಾಡಿ. ಅದರ ಬಣ್ಣವೇನು? ಹೆಸರೇನು? ಯಾವ ಊರಲ್ಲಿ ಸಿಕ್ಕಿತು? ಒಂದೊಂದಕ್ಕೆ ಒಬ್ಬೊಬ್ಬರು ಉತ್ತರಿಸಲಿ. ಆಗ ಅವರು ನಿಮ್ಮ ಪರೀಕ್ಷಕರಲ್ಲ, ಕಥೆಯ ಪಾಲುದಾರರು.

ಲಕೋಟೆಯನ್ನು ಆರಂಭದಲ್ಲೇ ಮುಂದಿನ ಸಾಲಿನ ಅಜ್ಜಿಯೊಬ್ಬರ ಕೈಗಿತ್ತು, ಅದನ್ನು ಮರೆತವರಂತಿರಿ. ಬಿಚ್ಚುವ ಮುನ್ನ ಮೂರೂ ಉತ್ತರಗಳನ್ನು ಕಥೆಯೊಳಗೇ ಮತ್ತೊಮ್ಮೆ ಹೇಳಿ. ಕೊನೆಯ ಸಾಲಿನವರಿಗೂ ನೆನಪಿರಬೇಕು. ಓದುವುದು ಮಾತ್ರ ನೀವಲ್ಲ, ಅಜ್ಜಿ. ಅವರು ಕನ್ನಡಕ ಮರೆತು ಬಂದಿದ್ದರೆ ಮೊಮ್ಮಗಳು ಓದಲಿ, ಇನ್ನೂ ಚೆಂದ.

ಮಾತಿನ ಬಲ ನೋಡಿ: 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿ ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಆದರೂ ‘ಸದಾರಮೆ’ ನಾಟಕದ ಕಳ್ಳನಾಗಿ ಅದೇ ಕಂಪನಿಯ ಗುಬ್ಬಿ ವೀರಣ್ಣನವರು ಆಡುತ್ತಿದ್ದ ಮಾತಿಗೇ ಜನ ಮನಸೋತದ್ದು. ನಮ್ಮ ಬಳಿ ಆನೆಯಂತೂ ಇಲ್ಲ, ಮಾತಾದರೂ ಇರಲಿ.

ದಿವ್ಯದೃಷ್ಟಿ ಇದೆ ಎಂದು ಮಾತ್ರ ಹೇಳಿಕೊಳ್ಳಬೇಡಿ. ಪವಾಡಗಳನ್ನು ಪರೀಕ್ಷಿಸಲು ಆಗಿನ ಕುಲಪತಿ ಎಚ್. ನರಸಿಂಹಯ್ಯನವರು 1976ರಲ್ಲೇ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಸಮಿತಿ ರಚಿಸಿದ ನಾಡು ಇದು. ಆಟ ಮುಗಿದ ಮೇಲೆ ಯಾರಾದರೂ ಹತ್ತಿರ ಬಂದು, ‘ಸ್ವಾಮಿ, ಮಗಳ ಮದುವೆ ಯಾವಾಗ?’ ಎಂದು ಕೇಳಿದರೆ, ಇದು ಜಾದೂ, ಜ್ಯೋತಿಷ್ಯವಲ್ಲ ಎಂದು ಅಲ್ಲೇ ಹೇಳಿಬಿಡಿ.