ಹಳೆಯ ಚಿತ್ರಗಳ ಎರಡನೆಯ ಓದು

ಹೊಸ ಪಾಠವನ್ನು ಆರಂಭಿಸುವ ಮೊದಲು ಹಿಂದಿನ ಪಾಠವನ್ನು ಒಮ್ಮೆ ಓದಿಸುವ ವಾಡಿಕೆ ನಮ್ಮ ಶಾಲೆಯಲ್ಲಿ ಉಂಟೆಂಬುದನ್ನು ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು. ಮೊದಲನೆಯ ಓದಿನಲ್ಲಿ ಕಥೆ ತಿಳಿಯುತ್ತದೆ. ಎರಡನೆಯ ಓದಿನಲ್ಲಿ ಅರ್ಥ ತಿಳಿಯುತ್ತದೆ. ಗ್ರಂಥಗಳಿಗೆ ಸಲ್ಲುವ ಈ ಮಾತು ಚಲಚ್ಚಿತ್ರಗಳಿಗೂ ಸಲ್ಲುವುದೆಂಬುದನ್ನು ನಾವು ಬಹು ತಡವಾಗಿ ಕಲಿತೆವು.

ತಡವಾಯಿತೆಂದು ಹೇಳಲು ಕಾರಣವುಂಟು. ಸಿನಿಮಾ ಎಂದರೆ ಕಾಲಹರಣವೆಂದು ಭಾವಿಸುವ ಶಿಸ್ತಿನಲ್ಲಿ ನಾವು ಬೆಳೆದವರು. ಮುಖ್ಯೋಪಾಧ್ಯಾಯಿನಿಯ ಸ್ಥಾನಕ್ಕೆ ಬಂದ ಮೇಲೆ, ಬೋರ್ಡಿಂಗಿನ ಹುಡುಗಿಯರು ಶನಿವಾರ ಸಂಜೆ ಚಿತ್ರ ನೋಡುವ ಪದ್ಧತಿಯನ್ನು ನಾವೇ ನಿಲ್ಲಿಸಿದೆವು. ಮತ್ತೆ ಅದನ್ನು ಆರಂಭಿಸಿದವರೂ ನಾವೇ. ಆ ಬದಲಾವಣೆ ಹೇಗಾಯಿತೆಂಬುದನ್ನು ಹೇಳುವ ಮೊದಲು, ಇಂದು ನಮ್ಮ ಮಕ್ಕಳು ಅಷ್ಟಾಗಿ ನೋಡದಿರುವ, ಆದರೆ ಮನೆಮಂದಿಯೆಲ್ಲ ಕುಳಿತು ಮತ್ತೊಮ್ಮೆ ನೋಡತಕ್ಕ ಕೆಲವು ಕೃತಿಗಳನ್ನು ಇಲ್ಲಿ ವಿಚಾರ ಮಾಡೋಣ.

ಮೊದಲು ಒಂದು ನಷ್ಟದ ಸಂಗತಿ. ಕನ್ನಡದ ಮೊದಲನೆಯ ವಾಕ್ಚಿತ್ರವಾದ ‘ಸತಿ ಸುಲೋಚನ’ವು 1934ರಲ್ಲಿ ತೆರೆಕಂಡಿತು. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಕಾಗದದ ಪುಸ್ತಕವು ಅಟ್ಟದ ಮೇಲಿನ ಪೆಟ್ಟಿಗೆಯಲ್ಲಾದರೂ ಉಳಿದೀತು. ಫಿಲ್ಮಿನ ಸುರುಳಿಯಾದರೋ ಸೆಕೆಗೂ ತೇವಕ್ಕೂ ಸಿಕ್ಕಿ ಕೆಡುತ್ತದೆ. ನೋಡುವವರಿಲ್ಲದ ಚಿತ್ರವನ್ನು ಕಾಯುವವರೂ ಇರುವುದಿಲ್ಲ. ಆದುದರಿಂದ ಉಳಿದಿರುವುದನ್ನು ನೋಡುವುದು ಸಹ ಒಂದು ಬಗೆಯ ಕಾಪಾಡುವಿಕೆಯೇ ಸರಿ.

1. ಸ್ಕೂಲ್ ಮಾಸ್ಟರ್ (1958)

ಬಿ. ಆರ್. ಪಂತುಲು ಅವರು ತಾವೇ ಉಪಾಧ್ಯಾಯರ ಪಾತ್ರವನ್ನು ವಹಿಸಿ ನಿರ್ದೇಶಿಸಿದ ಚಿತ್ರವಿದು. ಊರಿನ ಮಕ್ಕಳನ್ನು ತಿದ್ದಿದ ಗುರುಗಳು ಮುಪ್ಪಿನಲ್ಲಿ ತಮ್ಮ ಸ್ವಂತ ಮಕ್ಕಳಿಗೇ ಭಾರವಾಗುತ್ತಾರೆ. ದಂಪತಿಗಳು ಬೇರೆ ಬೇರೆ ಮನೆಗಳಲ್ಲಿ ಬಾಳಬೇಕಾಗುತ್ತದೆ. ಕೊನೆಗೆ ಕೈಹಿಡಿಯುವವನು ಹಳೆಯ ವಿದ್ಯಾರ್ಥಿಯೊಬ್ಬನು. ಚಿಕ್ಕಂದಿನಲ್ಲಿ ಇದನ್ನು ನೋಡಿದವರು ಮಾಸ್ತರಿಗಾಗಿ ಕಣ್ಣೀರಿಟ್ಟಿರಬಹುದು. ಈಗ ನೋಡುವವರು ಎಂ. ವಿ. ರಾಜಮ್ಮನವರು ಅಭಿನಯಿಸಿದ ಪತ್ನಿಯ ಕಡೆಗೆ ಕಣ್ಣಿಡಲಿ. ಗಂಡನ ಗೌರವವೆಲ್ಲ ಊರಿಗೆ ತಿಳಿದಿದೆ. ಆಕೆಯ ದುಡಿಮೆಯನ್ನು ಲೆಕ್ಕವಿಟ್ಟವರು ಯಾರು?

2. ಮಾಲ್ಗುಡಿ ಡೇಸ್

ಇದು ಆರ್. ಕೆ. ನಾರಾಯಣರ ಕಥೆಗಳನ್ನು ಆಧರಿಸಿ ಶಂಕರನಾಗರು ನಿರ್ದೇಶಿಸಿದ ದೂರದರ್ಶನದ ಮಾಲಿಕೆ. 1980ರ ದಶಕದ ಉತ್ತರಾರ್ಧದಲ್ಲಿ ನಾವು ನೆರೆಮನೆಯ ಜಗುಲಿಯಲ್ಲಿ ಕುಳಿತು ಇದನ್ನು ನೋಡಿದ್ದೆವು. ಮಾಲ್ಗುಡಿಯು ಕಲ್ಪನೆಯ ಊರು. ಚಿತ್ರೀಕರಣದಲ್ಲಿ ನಮ್ಮ ಆಗುಂಬೆಯೇ ಮಾಲ್ಗುಡಿಯಾಯಿತು. ಸ್ವಾಮಿ ಓದುವುದೂ ಒಂದು ಮಿಷನ್ ಶಾಲೆಯಲ್ಲಿಯೇ. ಅಂದು ಅವನ ತುಂಟತನಕ್ಕೆ ನಕ್ಕೆವು. ಇಂದು ಶಾಲೆಯ ಹೊಣೆ ಹೊತ್ತವರಾಗಿ ನೋಡುವಾಗ, ಬೆತ್ತವನ್ನು ಕಂಡ ಮಗುವಿನ ಮುಖದ ಭಯವೇ ನಮಗೆ ಮೊದಲು ಕಾಣಿಸುತ್ತದೆ. ಅಧ್ಯಾಪಕಿಯರಾದ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಇದಕ್ಕಿಂತ ಸುಲಭವಾದ ಶಿಕ್ಷಣಶಾಸ್ತ್ರದ ಪಾಠವಿಲ್ಲ.

3. ಘಟಶ್ರಾದ್ಧ (1977)

ಯು. ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿದ ಈ ಕೃತಿಯು ಗಿರೀಶ ಕಾಸರವಳ್ಳಿಯವರ ಪ್ರಥಮ ಚಲಚ್ಚಿತ್ರ. ಆ ವರ್ಷದ ಅತ್ಯುತ್ತಮ ಚಿತ್ರವೆಂದು ಇದಕ್ಕೆ ರಾಷ್ಟ್ರದ ಸ್ವರ್ಣಕಮಲ ದೊರೆಯಿತು. ವೇದಪಾಠಶಾಲೆಗೆ ಬಂದ ನಾಣಿಯೆಂಬ ಬಾಲಕನು, ಗುರುವಿನ ವಿಧವೆ ಮಗಳಾದ ಯಮುನೆಗೆ ಒದಗಿದ ಗತಿಯನ್ನು ನೋಡುತ್ತಾನೆ. ಗರ್ಭಿಣಿಯಾದ ಆಕೆಯನ್ನು ಸಮಾಜವು ಹೊರಹಾಕುತ್ತದೆ. ಜೀವಂತವಿರುವಾಗಲೇ ಆಕೆಗೆ ಶ್ರಾದ್ಧವಾಗುತ್ತದೆ. ಅದಕ್ಕೆ ಕಾರಣನಾದ ಪುರುಷನಿಗೆ ಅಂಥ ದಂಡನೆ ಇಲ್ಲ. ಇವೆಲ್ಲವನ್ನೂ ನಾವು ಆ ಬಾಲಕನ ಕಣ್ಣಿನಿಂದ ನೋಡುತ್ತೇವೆ. ಮಕ್ಕಳಿಗೆ ತಿಳಿಯದೆಂದು ಹಿರಿಯರು ಅವರ ಮುಂದೆಯೇ ಏನೆಲ್ಲ ನಡೆಸುತ್ತಾರೆಂಬುದು ಈ ಚಿತ್ರದ ಎರಡನೆಯ ಓದಿನಲ್ಲಿ ಹೊಳೆಯುತ್ತದೆ. ಕೆಟ್ಟುಹೋಗುತ್ತಿದ್ದ ಈ ಚಿತ್ರವನ್ನು ದುರಸ್ತಿಗೊಳಿಸಿ 2024ರಲ್ಲಿ ವೆನಿಸ್ ನಗರದ ಚಿತ್ರೋತ್ಸವದಲ್ಲಿ ಪ್ರದರ್ಶಿಸಿದರೆಂಬುದು ಸಂತೋಷದ ಸಂಗತಿ.

4. ಫಣಿಯಮ್ಮ (1983)

ಮಲೆನಾಡಿನ ಲೇಖಕಿ ಎಂ. ಕೆ. ಇಂದಿರಾ ಅವರು ಏಳು ವರ್ಷ ಮಾತ್ರ ಶಾಲೆಯಲ್ಲಿ ಓದಿದವರು. ಹನ್ನೆರಡನೆಯ ವಯಸ್ಸಿನಲ್ಲಿ ಅವರ ಮದುವೆಯಾಯಿತು. ಅವರ ಕಾದಂಬರಿಯನ್ನು ಪ್ರೇಮಾ ಕಾರಂತರು ತೆರೆಗೆ ತಂದರು. ಹೆಂಗಸು ಬರೆದು, ಹೆಂಗಸು ನಿರ್ದೇಶಿಸಿ, ಎಲ್. ವಿ. ಶಾರದಾ ಅವರು ಮುಖ್ಯ ಪಾತ್ರವನ್ನು ವಹಿಸಿದ ಚಿತ್ರವಿದು. ಏನೂ ಅರಿಯದ ವಯಸ್ಸಿನಲ್ಲಿ ವಿಧವೆಯಾದ ಫಣಿಯಮ್ಮ ತಲೆ ಬೋಳಿಸಿಕೊಂಡು ಮನೆಯವರಿಗಾಗಿ ದುಡಿಯುತ್ತ ಮುದುಕಿಯಾಗುತ್ತಾಳೆ. ಆದರೆ ದಾಕ್ಷಾಯಣಿಯೆಂಬ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳಲು ಒಪ್ಪದಿದ್ದಾಗ, ತನ್ನ ಬಾಳನ್ನು ಸುಟ್ಟ ಪದ್ಧತಿಯ ಪರವಾಗಿ ಆಕೆ ನಿಲ್ಲುವುದಿಲ್ಲ. ಹುಡುಗಿಯ ಪಕ್ಷವನ್ನು ವಹಿಸುತ್ತಾಳೆ. ‘ನಾನು ಪಟ್ಟದ್ದನ್ನು ನೀನೂ ಪಡು’ ಎನ್ನುವುದು ಲೋಕದ ರೀತಿ; ‘ನನಗಾದದ್ದು ನಿನಗಾಗಬಾರದು’ ಎನ್ನುವುದು ಫಣಿಯಮ್ಮನ ರೀತಿ.

ಟ್ರೇನಿಂಗ್ ಕಾಲೇಜಿನಲ್ಲಿದ್ದಾಗ ಈ ಚಿತ್ರವು ಬಹಳ ನಿಧಾನವೆನಿಸಿ ನಾವು ಅರ್ಧದಲ್ಲಿಯೇ ಎದ್ದು ಬಂದಿದ್ದೆವೆಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇವೆ. ಕೆಲವು ವರ್ಷಗಳ ಹಿಂದೆ ಸಹೋದ್ಯೋಗಿಯೊಬ್ಬರ ಒತ್ತಾಯಕ್ಕಾಗಿ ಒಂದು ಶನಿವಾರ ಹತ್ತನೆಯ ತರಗತಿಗೆ ಅದನ್ನು ತೋರಿಸಿದೆವು. ಚಿತ್ರ ಮುಗಿದ ಮೇಲೆ ಒಬ್ಬ ಹುಡುಗಿ ಚಾಪೆಗಳನ್ನು ಸುತ್ತುತ್ತ ಹಿಂದುಳಿದಳು. “ಟೀಚರ್, ಅವಳನ್ನು ಯಾರೂ ಒಂದು ಮಾತು ಕೇಳಲೇ ಇಲ್ಲವಲ್ಲ?” ಎಂದಳು. ಪರೀಕ್ಷೆಯಾದ ಕೂಡಲೇ ಮದುವೆಯೆಂದು ಅವಳ ಮನೆಯಲ್ಲಿ ಮಾತಾಗಿತ್ತೆಂಬುದು ಎರಡು ದಿನಗಳ ಬಳಿಕ ನಮಗೆ ತಿಳಿಯಿತು.

ತಾಯಿಯನ್ನು ಕರೆಸಿದೆವು. ಹದಿನೆಂಟು ತುಂಬದೆ ಮದುವೆ ಸಲ್ಲದೆಂಬ ಕಾನೂನನ್ನು ತಿಳಿಸಿದೆವು. ಆಕೆ ತಲೆ ತಗ್ಗಿಸಿ ಕೇಳಿದರು. ಮಗಳು ಕೇಳಿದ ಪ್ರಶ್ನೆಯನ್ನು ಹೇಳಿದಾಗ ಮಾತ್ರ ತಲೆಯೆತ್ತಿ, “ನನ್ನನ್ನೂ ಯಾರೂ ಕೇಳಲಿಲ್ಲಮ್ಮ” ಎಂದರು. ಮದುವೆಯ ಮಾತು ಅಲ್ಲಿಗೆ ನಿಂತಿತು. ಹುಡುಗಿ ಕಾಲೇಜು ಸೇರಿದಳು. ಅವರಿಬ್ಬರ ಒಪ್ಪಿಗೆಯಿಂದಲೇ ಇದನ್ನು ಬರೆಯುತ್ತಿದ್ದೇವೆ. ಇದನ್ನು ಚಿತ್ರದ ಮಹಿಮೆಯೆಂದು ಹೊಗಳಲಾರೆವು. ಮದುವೆಯನ್ನು ತಡೆದದ್ದು ಆ ತಾಯಿಯ ಧೈರ್ಯ. ಆದರೆ ಮಗಳ ಬಾಯಿಗೆ ಪ್ರಶ್ನೆಯನ್ನು ಕೊಟ್ಟದ್ದು ಆ ಹಳೆಯ ಚಿತ್ರವೆಂಬುದು ನಿಜ. ಅಂದಿನಿಂದ ಬೋರ್ಡಿಂಗಿನಲ್ಲಿ ಶನಿವಾರದ ಚಿತ್ರವು ತಪ್ಪಿಲ್ಲ.

ಮನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

ಚಿತ್ರವನ್ನು ತೋರಿಸಿ ಎದ್ದುಹೋದರೆ ಪಾಠ ಅರ್ಧವಾದಂತೆ. ಪೋಷಕರು ಮಕ್ಕಳೊಡನೆ ಕುಳಿತು ನೋಡಿ, ಬಳಿಕ ಈ ಮೂರನ್ನು ವಿಚಾರಿಸಲಿ:

1. ಈ ಕಥೆಯಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡಿದವರು ಯಾರು? ಅವರು ಏಕೆ ಮಾತಾಡಲಿಲ್ಲ?

2. ನಾವು ನಕ್ಕ ಜಾಗದಲ್ಲಿ ಯಾರಿಗಾದರೂ ನೋವಾಗುತ್ತಿತ್ತೇ?

3. ಇಲ್ಲಿ ಕಂಡ ಅನ್ಯಾಯದಲ್ಲಿ ಯಾವುದು ನಮ್ಮ ಮನೆಯಲ್ಲಿ ಇನ್ನೂ ಉಳಿದಿದೆ?

ಮೂರನೆಯ ಪ್ರಶ್ನೆಗೆ ಮಕ್ಕಳು ಉತ್ತರ ಹೇಳುವಾಗ ಹಿರಿಯರು ಕೋಪಿಸಿಕೊಳ್ಳಬಾರದೆಂದು ವಿನಯಪೂರ್ವಕವಾಗಿ ಅರಿಕೆ ಮಾಡುತ್ತೇವೆ. ಆ ಉತ್ತರವನ್ನು ಕೇಳಿಸಿಕೊಳ್ಳುವುದೇ ನಮ್ಮ ಪಾಲಿನ ಪಾಠ.